ಹನ್ನೆರಡು ಮಿಲಿಮೀಟರ್: ಒಂದು ಸಣ್ಣ ಕಾರಿನ ಸಸ್ಪೆನ್ಶನ್ ಪ್ರಕರಣ

ಗೆಳೆಯ ಕೇಳಿದ್ದು ಇಷ್ಟೇ: "ಕಾಯಿಲ್‌ಓವರ್ ಹಾಕಿಸಲಾ, ಇಲ್ಲಾ ಮುಂದಿನ ಆಂಟಿ ರೋಲ್ ಬಾರ್ ದಪ್ಪದ್ದು ಹಾಕಿಸಲಾ?" ಕಾಯಿಲ್‌ಓವರ್ ಅಂದರೆ ಎತ್ತರ, ಬಿಗಿ ಎರಡನ್ನೂ ಬದಲಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಿ. ಆಂಟಿ ರೋಲ್ ಬಾರ್ ಅಂದರೆ ಎಡ ಬಲ ಚಕ್ರಗಳನ್ನು ಜೋಡಿಸಿ ಕಾರು ವಾಲುವುದನ್ನು ತಡೆಯುವ ಸರಳು. ಎರಡೂ ಬೇಡ ಅನ್ನುವುದು ಖಾತ್ರಿಯಾಗಲು ನಮಗೆ ಮೂರು ತಿಂಗಳು ಬೇಕಾಯಿತು. ಆ ಮೂರು ತಿಂಗಳಲ್ಲಿ ಏನು ಬಿಚ್ಚಿದೆವು, ಏನು ಹಾಕಿದೆವು, ಎಲ್ಲಿ ಎಡವಿದೆವು ಅನ್ನುವುದೇ ಈ ಬರಹ.

ಕಾರು ಸಣ್ಣ ಹ್ಯಾಚ್‌ಬ್ಯಾಕ್. ತೂಕ ಸುಮಾರು 1,050 ಕೆ.ಜಿ. ಎಂಜಿನ್ ಮುಂದೆ, ಎಳೆಯುವುದೂ ಮುಂದಿನ ಚಕ್ರಗಳೇ. ಹಾಗಾಗಿ ತೂಕದ ಶೇ. 62ರಷ್ಟು ಮುಂದೇ ಕೂತಿದೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳಬಲ್ಲ ಅಡ್ಡ ತೊಲೆ). ಸಣ್ಣ ಕಾರುಗಳಲ್ಲಿ ಎಲ್ಲೆಲ್ಲೂ ಕಾಣುವ ಜೋಡಿ ಇದು. ಮುಂದಿನ ವಿನ್ಯಾಸ 1940ರ ದಶಕದ್ದು, ಹಿಂದಿನದು 1974ರ ಫೋಕ್ಸ್‌ವ್ಯಾಗನ್ ಗಾಲ್ಫ್ ಬಂದ ಮೇಲೆ ಜನಪ್ರಿಯವಾದದ್ದು. ಎರಡೂ ಅಗ್ಗ, ಎರಡೂ ಕಡಿಮೆ ಜಾಗದಲ್ಲಿ ಕೂರುತ್ತವೆ. ಎರಡಕ್ಕೂ ಒಂದೊಂದು ಹಟ ಇದೆ. ನಮ್ಮನ್ನು ಕಾಡಿದ್ದು ಮುಂದಿನದರ ಹಟ.

ನನ್ನ ಹತ್ತಿರ ಬರುವ ಎರಡು ತಿಂಗಳ ಮೊದಲೇ ಅವನು ಲೋಯರಿಂಗ್ ಸ್ಪ್ರಿಂಗ್ ಹಾಕಿಸಿದ್ದ. 35 ಮಿ.ಮೀ. ತಗ್ಗು, ಮೂಲ ಸ್ಪ್ರಿಂಗ್‌ಗಿಂತ ಶೇ. 30ರಷ್ಟು ಗಟ್ಟಿ. ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯವೇ. ಅವು ಆಗಲೇ 90,000 ಕಿ.ಮೀ. ಓಡಿದ್ದವು. ನೋಡಲು ಕಾರು ಚೆನ್ನಾಗಿಯೇ ಕಾಣುತ್ತಿತ್ತು, ಸುಳ್ಳು ಹೇಳಬಾರದು. ಚಕ್ರ ಮತ್ತು ಫೆಂಡರ್ ನಡುವಿನ ಆ ದೊಡ್ಡ ಖಾಲಿ ಜಾಗ ಹೋಗಿತ್ತು.

"ಇಳಿಸಿದ್ರೆ ನೆಲಕ್ಕೆ ಅಂಟಿಕೊಂಡು ಹೋಗುತ್ತೆ ಅಂದ್ರು," ಅಂದ. "ಈಗ ತಿರುವಲ್ಲಿ ಮೊದಲಿಗಿಂತ ಜಾಸ್ತಿ ಹೊರಗೆ ಜಾರುತ್ತೆ."

ಮೊದಲ ದಿನ: ಓಡಿಸಿ ನೋಡಿದ್ದು

ದೂರನ್ನು ಕೇಳಿದ ತಕ್ಷಣ ಪಾರ್ಟ್ ಹುಡುಕಲು ಹೋಗಬಾರದು. ಕಾರು ಎಲ್ಲಿ, ಯಾವಾಗ, ಏನು ಮಾಡುತ್ತದೆ ಅಂತ ಮೊದಲು ಗೊತ್ತಾಗಬೇಕು. ನಾನು ಅರ್ಧ ಗಂಟೆ ಓಡಿಸಿದೆ.

ನಯವಾದ ತಿರುವಿಗೆ ನುಗ್ಗುವಾಗ ಕಾರು ಚುರುಕಾಗಿಯೇ ತಿರುಗಿತು. ವಾಲುವುದೂ ಕಡಿಮೆ. ಇಲ್ಲಿವರೆಗೆ ಸ್ಪ್ರಿಂಗ್ ಮಾರಿದವರ ಮಾತು ನಿಜ. ಆದರೆ ತಿರುವಿನ ನಡುವೆ ಒಂದು ಉಬ್ಬು ಸಿಕ್ಕಿತು ನೋಡಿ, ಹೊರಬದಿಯ ಮುಂದಿನ ಚಕ್ರದಿಂದ 'ಧಡ್' ಅಂತ ಒಂದು ಸದ್ದು. ಅದೇ ಕ್ಷಣ ಸ್ಟೀರಿಂಗ್ ಹಗುರವಾಯಿತು. ಮೂತಿ ನೆಟ್ಟಗೆ ಹೊರಟಿತು. ಉಬ್ಬು ದಾಟಿದ ಮೇಲೆ ಗ್ರಿಪ್ ವಾಪಸ್ ಬಂತು. ನೇರ ರಸ್ತೆಯಲ್ಲಿ ಇನ್ನೊಂದು ಕಾಯಿಲೆ: ಒಂದು ಏರಿಳಿತ ದಾಟಿದ ಮೇಲೆ ಕಾರು ಎರಡು ಮೂರು ಸಲ ಕುಪ್ಪಳಿಸಿಯೇ ಸುಮ್ಮನಾಗುತ್ತಿತ್ತು.

ಎರಡನೆಯದು ಸುಲಭದ ಲೆಕ್ಕ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಅದನ್ನು ಹಿಡಿದು ನಿಲ್ಲಿಸಲು ಶಾಕ್‌ಗೆ ಜಾಸ್ತಿ ಬಲ ಬೇಕು. ಈ ಬಲ ಸ್ಪ್ರಿಂಗ್ ಗಟ್ಟಿತನದ ವರ್ಗಮೂಲದಂತೆ ಏರುತ್ತದೆ. ಸ್ಪ್ರಿಂಗ್ ಶೇ. 30 ಗಟ್ಟಿಯಾದರೆ ಶಾಕ್ ಸುಮಾರು ಶೇ. 14 ಬಿಗಿಯಾಗಬೇಕು. ಇಲ್ಲಿ ಶಾಕ್‌ಗಳು ಸವೆದು ಮೊದಲಿಗಿಂತ ಸಡಿಲವಾಗಿದ್ದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಆ ಕಥೆ.

ಆ 'ಧಡ್' ಸದ್ದಿಗೆ ಕಾರಣ ಹುಡುಕಲು ಕಾರನ್ನು ಎತ್ತಲೇಬೇಕಿತ್ತು.

ಎತ್ತಿ ನೋಡಿದಾಗ

ಮುಂದಿನ ಎಡ ಸ್ಟ್ರಟ್‌ನ ಧೂಳು ತಡೆಯುವ ಬೂಟ್ (ಹೊದಿಕೆ) ಮೇಲಕ್ಕೆ ಸರಿಸಿದೆವು. ಒಳಗಿಂದ ಹಳದಿ ಪುಡಿ ಉದುರಿತು. ಅದು ಬಂಪ್ ಸ್ಟಾಪ್. ಶಾಕ್‌ನ ರಾಡ್ ಪೂರ್ತಿ ಒಳಹೋಗಿ ಲೋಹಕ್ಕೆ ಲೋಹ ಹೊಡೆಯದಂತೆ ತಡೆಯುವ ಫೋಮ್ ತುಂಡು. ಅದರ ಕೆಳಗಿನ ಅರ್ಧ ಚೂರುಚೂರಾಗಿತ್ತು. ಬಲಗಡೆಯದು ಇನ್ನೂ ಇಡಿಯಾಗಿತ್ತು, ಆದರೆ ಹಿಂಡಿ ಹಿಂಡಿ ಮೇಲೆಲ್ಲ ಬಿರುಕು ಬಿಟ್ಟಿತ್ತು.

ಕಾರನ್ನು ನೆಲಕ್ಕೆ ಇಳಿಸಿ ಬಲಗಡೆ ಅಳೆದೆವು. ಕಾರು ಸುಮ್ನೆ ನಿಂತಿರುವಾಗ ಬಂಪ್ ಸ್ಟಾಪ್‌ಗೂ ಶಾಕ್‌ನ ಮೇಲ್ತುದಿಗೂ ನಡುವೆ ಉಳಿದಿದ್ದ ಜಾಗ 12 ಮಿ.ಮೀ. ನನ್ನ ಹೆಬ್ಬೆರಳಿನ ಅಗಲವೂ ಇಲ್ಲ. ಮೂಲ ಸ್ಪ್ರಿಂಗ್ ಇದ್ದಾಗ ಅಲ್ಲಿ 47 ಮಿ.ಮೀ. ಇರುತ್ತಿತ್ತು. ಇಳಿಸಿದ 35 ಮಿ.ಮೀ. ಪೂರ್ತಿ ಇಲ್ಲಿಂದಲೇ ಹೋಗಿತ್ತು.

ಕಾರು ತಿರುವಿನಲ್ಲಿ ವಾಲಿದರೇ ಹೊರಬದಿ ಅಷ್ಟು ಕುಸಿಯುತ್ತದೆ. ಅದರ ಮೇಲೊಂದು ಉಬ್ಬು ಬಂದರೆ ಕೇಳುವುದೇ ಬೇಡ. ಒಂದು ಕೇಬಲ್ ಟೈ ತಗೊಂಡು ರಾಡ್‌ಗೆ ಬಿಗಿದು, ಶಾಕ್‌ನ ತಲೆಗೆ ತಾಗುವಂತೆ ಕೆಳಗೆ ತಳ್ಳಿದೆವು. ರಾಡ್ ಒಳಹೋದಷ್ಟೂ ಟೈ ಅದರ ಮೇಲೆ ಸರಿಯುತ್ತಾ ಹೋಗಿ ಅಲ್ಲೇ ನಿಲ್ಲುತ್ತದೆ. ಹತ್ತು ನಿಮಿಷದ ಸಾಮಾನ್ಯ ಓಡಾಟ, ಯಾವ ಆತುರವೂ ಇಲ್ಲ. ವಾಪಸ್ ಬಂದು ನೋಡಿದರೆ ಟೈ ಬಂಪ್ ಸ್ಟಾಪ್ ಒಳಕ್ಕೆ ಹೂತುಹೋಗಿತ್ತು. ಅಂದರೆ ಈ ಕಾರು ಅರ್ಧ ಹೊತ್ತು ಸ್ಪ್ರಿಂಗ್ ಮೇಲೆ ಓಡುತ್ತಲೇ ಇರಲಿಲ್ಲ, ಫೋಮ್ ತುಂಡಿನ ಮೇಲೆ ಓಡುತ್ತಿತ್ತು.

ಇನ್ನೂ ಮೂರು ಸಂಗತಿ ಸಿಕ್ಕವು. ಎಡ ಶಾಕ್ ಮೇಲೆ ಎಣ್ಣೆಯ ಪದರ. ಮುಂದಿನ ಎರಡೂ ಟೈರ್‌ಗಳ ಹೊರ ಅಂಚು ಬೋಳು, ಒಳ ಅಂಚಿನಲ್ಲಿ ಇನ್ನೂ ಒಳ್ಳೆ ಟ್ರೆಡ್ (ಟೈರ್ ಮೇಲಿನ ಗೀರುಗಳು). ಮತ್ತೆ, ಲೋಯರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳು) ಹಿಂದಿನ ಬುಷ್, ಅಂದರೆ ಅದರ ಕೀಲಿನ ರಬ್ಬರ್, ಹರಿದಿತ್ತು. ಬುಷ್ ಹರಿದದ್ದಕ್ಕೆ ಬರೀ ವಯಸ್ಸು ಕಾರಣ ಅಂತ ನನಗೆ ಅನ್ನಿಸಲಿಲ್ಲ. ರಬ್ಬರ್ ಬುಷ್ ಬೋಲ್ಟ್ ಬಿಗಿದ ಎತ್ತರದಲ್ಲೇ ನೆಮ್ಮದಿಯಾಗಿ ಇರುತ್ತದೆ. ಕಾರನ್ನು 35 ಮಿ.ಮೀ. ಇಳಿಸಿ ಆ ಬೋಲ್ಟ್ ಸಡಿಲಿಸಿ ಮತ್ತೆ ಬಿಗಿಯದಿದ್ದರೆ ರಬ್ಬರ್ ದಿನದ ಇಪ್ಪತ್ನಾಲ್ಕು ಗಂಟೆಯೂ ತಿರುಚಿಕೊಂಡೇ ಇರುತ್ತದೆ. ನಿಂತಿದ್ದಾಗಲೂ. ಸ್ಪ್ರಿಂಗ್ ಬದಲಿಸಿದವರು ಅದನ್ನು ಮುಟ್ಟಿರಲಿಲ್ಲ ಅನ್ನುವುದು ಬೋಲ್ಟ್ ತಲೆಯ ಮೇಲಿನ ಹಳೇ ತುಕ್ಕು ನೋಡಿದರೇ ಗೊತ್ತಾಗುತ್ತಿತ್ತು.

ಇಳಿಸಿದರೆ ಸಿಗುವುದೆಷ್ಟು, ಹೋಗುವುದೆಷ್ಟು

ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು. ಗೆಳೆಯನ ಮನಸ್ಸು ಬದಲಾಗಿದ್ದು ಇಲ್ಲೇ.

ತಿರುವಿನಲ್ಲಿ ಒಳಚಕ್ರಗಳ ಮೇಲಿನ ಭಾರ ಹೊರಚಕ್ರಗಳಿಗೆ ಹೋಗುತ್ತದೆ. ಎಷ್ಟು ಹೋಗುತ್ತದೆ ಅನ್ನುವುದು ನಾಲ್ಕು ಸಂಗತಿಗಳ ಮೇಲಿದೆ: ಕಾರಿನ ತೂಕ, ತಿರುವಿನ ಬಿರುಸು, ಗುರುತ್ವ ಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ. ಸ್ಪ್ರಿಂಗ್ ಗಟ್ಟಿ ಮಾಡಿದರೂ, ಬಾರ್ ದಪ್ಪ ಮಾಡಿದರೂ ಈ ಒಟ್ಟು ಮೊತ್ತ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ವಾಲುವುದು ಕಡಿಮೆಯಾಯಿತು ಅಂದ ಮಾತ್ರಕ್ಕೆ ಭಾರ ದಾಟುವುದು ಕಡಿಮೆಯಾಗಲಿಲ್ಲ. ಎಷ್ಟೋ ಜನ ಎಡವುವುದು ಇಲ್ಲೇ.

ಗುರುತ್ವ ಕೇಂದ್ರ 54 ಸೆಂ.ಮೀ. ಎತ್ತರದಲ್ಲಿ, ಚಕ್ರಗಳ ನಡುವಿನ ಅಗಲ 146 ಸೆಂ.ಮೀ. ಅಂತ ಇಟ್ಟುಕೊಳ್ಳೋಣ. 0.75 ಜಿ ಬಿರುಸಿನ ತಿರುವಿನಲ್ಲಿ (ಅಂದರೆ ಕಾರಿನ ತೂಕದ ಮುಕ್ಕಾಲು ಪಾಲಿನಷ್ಟು ಬಲ ಪಕ್ಕಕ್ಕೆ) ಸುಮಾರು 291 ಕೆ.ಜಿ. ಹೊರಗೆ ದಾಟುತ್ತದೆ. ಕಾರು 35 ಮಿ.ಮೀ. ಇಳಿಸಿದರೆ ಅದು 272 ಆಗುತ್ತದೆ. ಸಿಕ್ಕ ಲಾಭ 19 ಕೆ.ಜಿ. ಅಷ್ಟೇ.

ಕಳೆದುಕೊಂಡದ್ದು ಏನೇನು? ಬಂಪ್ ಸ್ಟಾಪ್‌ವರೆಗಿನ ನಾಲ್ಕರಲ್ಲಿ ಮೂರು ಪಾಲು ಜಾಗ. ಆಮೇಲೆ ಮ್ಯಾಕ್‌ಫರ್ಸನ್‌ನ ಹಟ: ಲೋಯರ್ ಆರ್ಮ್ ಸಾಧಾರಣವಾಗಿ ಚಕ್ರದ ಕಡೆಗೆ ಸ್ವಲ್ಪ ಕೆಳಗೆ ಇಳಿಜಾರಾಗಿರಬೇಕು. ಇಲ್ಲಿ ಚಕ್ರದ ತುದಿ ಮೇಲೆದ್ದಿತ್ತು. ಹಾಗಾದಾಗ ರೋಲ್ ಸೆಂಟರ್, ಅಂದರೆ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಕಾರು ಇಳಿದದ್ದಕ್ಕಿಂತ ಜಾಸ್ತಿ ಕೆಳಗಿಳಿಯುತ್ತದೆ. ವಾಲಿಸುವ ಸನ್ನೆಕೋಲು ಉದ್ದವಾಗುತ್ತದೆ. ಹೊಸ ಸ್ಪ್ರಿಂಗ್‌ನ ಗಟ್ಟಿತನದಲ್ಲಿ ಒಂದು ಪಾಲು ಇದನ್ನು ಸರಿದೂಗಿಸುವುದಕ್ಕೇ ಖರ್ಚಾಗುತ್ತದೆ. ಇನ್ನೊಂದು ನಷ್ಟ ಕ್ಯಾಂಬರ್‌ದು, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ಬಾಗಿರುವ ಕೋನದ್ದು. ಆರ್ಮ್‌ನ ತುದಿ ಹಾಗೆ ಮೇಲಾದ ಮೇಲೆ, ಚಕ್ರ ಮೇಲೆದ್ದಂತೆ ಒಳಕ್ಕೆ ಬಾಗುವುದು ನಿಂತುಹೋಗುತ್ತದೆ. ಕಾರು ವಾಲಿದಾಗ ಟೈರ್ ತನ್ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಬೋಳಾದ ಅಂಚು ಅದಕ್ಕೇ ಸಾಕ್ಷಿ.

ಇನ್ನು ಆ 'ಧಡ್'. ಟೈರ್ ಮೇಲಿನ ಭಾರ ಎರಡು ಪಟ್ಟಾದರೆ ಗ್ರಿಪ್ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಹಾಗಾಗಿ ಒಂದೇ ಚಕ್ರದ ಮೇಲೆ ಹೇರಿದಷ್ಟೂ ಆ ಜೋಡಿಗೆ ನಷ್ಟ. ಬಂಪ್ ಸ್ಟಾಪ್ ತಾಗಿದ ಕ್ಷಣ ಆ ಮೂಲೆ ಒಮ್ಮೆಲೇ ಕಲ್ಲಿನಂತೆ ಗಟ್ಟಿಯಾಗುತ್ತದೆ. ದಾಟುವ ಭಾರದಲ್ಲಿ ದೊಡ್ಡ ಪಾಲು ಮುಂದಿನ ಹೊರಚಕ್ರಕ್ಕೇ ಬೀಳುತ್ತದೆ. ಮೊದಲೇ ಶೇ. 62 ಹೊತ್ತಿರುವ ಮುಂಭಾಗಕ್ಕೆ ಇನ್ನಷ್ಟು ಹೊರೆ. ಮೂತಿ ನೆಟ್ಟಗೆ ಹೋಗದೆ ಇನ್ನೇನು ಮಾಡೀತು?

ಮುಂದಿನ ಬಾರ್ ದಪ್ಪ ಮಾಡುವ ಯೋಚನೆಯನ್ನು ಬಿಟ್ಟದ್ದೂ ಇದೇ ಕಾರಣಕ್ಕೆ. ಅದೂ ಮುಂದಿನ ಹೊರಚಕ್ರದ ಮೇಲೇ ಹೇರುತ್ತದೆ, ಒಳಚಕ್ರವನ್ನು ಹಗುರ ಮಾಡುತ್ತದೆ. ಅದೂ ಎಳೆಯುವ ಚಕ್ರವೇ ಆದ್ದರಿಂದ ತಿರುವಿನಿಂದ ಹೊರಬರುವಾಗ ಸುಮ್ನೆ ಗಿರಗಿರ ಸುತ್ತುತ್ತದೆ. ಒಂದು ಮಾತು ಹೇಳಬೇಕು: ತುಂಬಾ ವಾಲುವ ಕಾರಿನಲ್ಲಿ ದಪ್ಪ ಮುಂದಿನ ಬಾರ್ ಟೈರ್ ನೆಟ್ಟಗೆ ನಿಲ್ಲಲು ಸಹಾಯ ಮಾಡಿ, ಒಟ್ಟಿನಲ್ಲಿ ಲಾಭವನ್ನೇ ಕೊಡುವುದೂ ಉಂಟು. ಕ್ಯಾಂಬರ್ ಬೇರೆ ದಾರಿಯಲ್ಲಿ ಸಿಗುವಂತಿದ್ದರೆ ಅದರ ಅಗತ್ಯ ಬೀಳುವುದಿಲ್ಲ.

ಕಾಯಿಲ್‌ಓವರ್ ಬಗ್ಗೆ ಗೆಳೆಯನಿಗೆ ಬಹಳ ಆಸೆ ಇತ್ತು. "ಬಿಗಿ ಬದಲಿಸೋಕೆ 32 ಕ್ಲಿಕ್ ಇದೆ," ಅಂದ. 32 ಕ್ಲಿಕ್‌ನಲ್ಲಿ ಯಾವುದು ಸರಿ ಅಂತ ಯಾರು ಹೇಳುತ್ತಾರೆ ಅಂತ ಕೇಳಿದೆ. ಉತ್ತರ ಬರಲಿಲ್ಲ. ಎತ್ತರ, ಬಿಗಿ ಎರಡನ್ನೂ ಬದಲಿಸಿ ಅಳೆದು ನೋಡುವ ತಾಳ್ಮೆ ಇದ್ದವರಿಗೆ ಅದು ಒಳ್ಳೆಯ ಸಾಧನವೇ. ಇವನಿಗೆ ದಿನಾ ಓಡಾಡುವ ಕಾರು ಬೇಕಿತ್ತು.

ಒಂದೊಂದಾಗಿ ಬದಲಿಸಿದ್ದು

ಖಾಲಿ ಅಂಗಳವೊಂದರಲ್ಲಿ ಅನುಮತಿ ತಗೊಂಡು 20 ಮೀಟರ್ ತ್ರಿಜ್ಯದ ವೃತ್ತ ಗುರುತು ಮಾಡಿದೆವು. ಜಾರದೆ ಎಷ್ಟು ಬೇಗ ಒಂದು ಸುತ್ತು ಹಾಕಬಹುದು ಅಂತ ಎಡಕ್ಕೆ ಮೂರು, ಬಲಕ್ಕೆ ಮೂರು ಸುತ್ತು ಹಾಕಿ ಸರಾಸರಿ ತೆಗೆಯುವುದು. ಸಮಯ ಗೊತ್ತಾದರೆ ಜಿ ಲೆಕ್ಕ ಹಾಕಬಹುದು. ಟೈರ್‌ನ ವ್ಯತ್ಯಾಸ ಬೆರೆಯದಿರಲಿ ಅಂತ ಶುರುವಿಗೇ ಮುಂದೆ ಎರಡು ಹೊಸ ಟೈರ್ ಹಾಕಿಸಿದೆವು, ಅದೇ ಅಳತೆಯವು. ಈ ನಿರ್ಧಾರ ಆಮೇಲೆ ನಮ್ಮನ್ನೇ ಕಚ್ಚಿತು, ಅದಕ್ಕೆ ಬರುತ್ತೇನೆ.

ಲೋಯರಿಂಗ್ ಸ್ಪ್ರಿಂಗ್, ಹಳೆ ಶಾಕ್: 10.5 ಸೆಕೆಂಡ್. ಅಂದರೆ 0.73 ಜಿ.

ಮೂಲ ಸ್ಪ್ರಿಂಗ್‌ಗಳನ್ನು ಪುಣ್ಯಕ್ಕೆ ಅವನು ಎಸೆದಿರಲಿಲ್ಲ. ಅವನ್ನೇ ವಾಪಸ್ ಹಾಕಿದೆವು. ಜೊತೆಗೆ ನಾಲ್ಕೂ ಕಡೆ ಹೊಸ ಶಾಕ್, ಮೂಲ ಎತ್ತರಕ್ಕೇ ಮಾಡಿದ, ಆದರೆ ರಿಬೌಂಡ್ (ಹಿಂಡಿದ ಶಾಕ್ ಮತ್ತೆ ಚಾಚುವಾಗಿನ ತಡೆ) ಸ್ವಲ್ಪ ಬಿಗಿಯಿರುವಂಥವು. ಹೊಸ ಬಂಪ್ ಸ್ಟಾಪ್, ಹೊಸ ಟಾಪ್ ಮೌಂಟ್ (ಸ್ಟ್ರಟ್‌ನ ಮೇಲ್ತುದಿಯನ್ನು ಬಾಡಿಗೆ ಕೂರಿಸುವ ಭಾಗ), ಲೋಯರ್ ಆರ್ಮ್‌ಗೆ ಹೊಸ ರಬ್ಬರ್ ಬುಷ್. ಪಾಲಿಯುರೆಥೇನ್ ಬುಷ್ ಹಾಕಿಸೋಣ ಅಂತ ಒಂದು ಮಾತು ಬಂತು. ಸ್ಟೀರಿಂಗ್ ಚುರುಕಾಗುವುದು ನಿಜ, ಆದರೆ ರಸ್ತೆಯ ಸದ್ದೂ ನಡುಕವೂ ಒಳಗೆ ಬರುತ್ತವೆ. ಬೇಡ ಅಂದೆವು.

ಇಲ್ಲಿ ಮೆಕ್ಯಾನಿಕ್ ಮಾಡಿದ ಎರಡು ಕೆಲಸ ನನಗೆ ಇಷ್ಟವಾಯಿತು. ಸ್ಟ್ರಟ್‌ನ ಮೇಲಿನ ನಟ್ ಬಿಗಿಯುವಾಗ ಇಂಪ್ಯಾಕ್ಟ್ ಗನ್ ಪಕ್ಕಕ್ಕಿಟ್ಟರು. ರಾಡ್ ತುದಿಗೆ ಅಲೆನ್ ಕೀ ಕೊಟ್ಟು ಹಿಡಿದು ಕೈಯಲ್ಲೇ ಬಿಗಿದರು. "ಇಕ್ಕಳದಲ್ಲಿ ರಾಡ್ ಹಿಡಿದ್ರೆ ಕ್ರೋಮ್ ಮೇಲೆ ಗೀರು ಬೀಳುತ್ತೆ ಸಾರ್. ಗೀರು ಬಿದ್ರೆ ಸೀಲ್ ಹೋಯ್ತು, ಎಣ್ಣೆ ಸೋರುತ್ತೆ," ಅಂದರು. ಎರಡನೆಯದು, ಬುಷ್ ಬೋಲ್ಟ್‌ಗಳನ್ನು ಸುಮ್ನೆ ಕೂರಿಸಿಟ್ಟು, ಕಾರಿನ ಭಾರ ಚಕ್ರಗಳ ಮೇಲೆ ಬಂದ ಮೇಲೇ ಪೂರ್ತಿ ಬಿಗಿದರು. ನಾವು ಕೇಳದೆಯೇ ಮಾಡಿದ ಕೆಲಸ ಅದು.

10.2 ಸೆಕೆಂಡ್, 0.77 ಜಿ. ಕಾರು ಮೊದಲಿಗಿಂತ ಜಾಸ್ತಿ ವಾಲುತ್ತಿತ್ತು, ಆದರೂ ವೇಗ ಹೆಚ್ಚಿತ್ತು. ಗೆಳೆಯ ಆ ಅಂಕಿಯನ್ನು ಎರಡು ಸಲ ನೋಡಿದ. ಉಬ್ಬಿನ ಮೇಲಿನ 'ಧಡ್' ಪೂರ್ತಿ ಹೋಗಿತ್ತು. ಹೊಸ ಕೇಬಲ್ ಟೈ ಹಾಕಿ, ಗೊತ್ತಿದ್ದ ಅತಿ ಕೆಟ್ಟ ರಸ್ತೆಯಲ್ಲಿ ಓಡಿಸಿ ಬಂದೆವು. ಟೈ ಬಂಪ್ ಸ್ಟಾಪ್‌ಗೆ ತಾಗಿ 8 ಮಿ.ಮೀ. ಒಳಗೆ ಹೋಗಿತ್ತು. ಅಷ್ಟು ಇರಬೇಕಾದ್ದೇ. ಬಂಪ್ ಸ್ಟಾಪ್ ಇರುವುದೇ ಆಗೊಮ್ಮೆ ಈಗೊಮ್ಮೆ ಕೆಲಸಕ್ಕೆ ಬರಲಿ ಅಂತ.

ಆಮೇಲೆ ಅಲೈನ್‌ಮೆಂಟ್. ಸ್ಟ್ರಟ್ ಮತ್ತು ನಕಲ್ (ಚಕ್ರ ಕೂರುವ ಲೋಹದ ತುಂಡು) ಸೇರುವ ಕಡೆ ಎರಡು ಬೋಲ್ಟ್ ಇರುತ್ತವೆ. ಮೇಲಿನದರ ಜಾಗಕ್ಕೆ ಕ್ಯಾಂಬರ್ ಬೋಲ್ಟ್ ಹಾಕಿದರೆ ಚಕ್ರವನ್ನು ಸ್ವಲ್ಪ ಒಳಕ್ಕೆ ಬಾಗಿಸಬಹುದು. ಮೂಲದಲ್ಲಿ ಮೈನಸ್ 0.4 ಡಿಗ್ರಿ ಇತ್ತು (ಮೈನಸ್ ಅಂದರೆ ಒಳಕ್ಕೆ). ಎರಡೂ ಕಡೆ ಮೈನಸ್ 1.3ಕ್ಕೆ ತಂದೆವು. ಕ್ಯಾಂಬರ್ ಬದಲಿಸಿದರೆ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂದಿನ ಅಂಚು ಒಳಕ್ಕೋ ಹೊರಕ್ಕೋ ತಿರುಗಿರುವುದು) ಕೂಡ ಬದಲಾಗುತ್ತದೆ, ಅದನ್ನು ಮತ್ತೆ ಸೊನ್ನೆಗೆ ತರಬೇಕು. ಇಲ್ಲದಿದ್ದರೆ ಟೈರ್ ಸವೆಯುತ್ತದೆ, ಕ್ಯಾಂಬರ್ ಅಪವಾದ ಹೊರುತ್ತದೆ. ಈ ಬೋಲ್ಟ್ ಮೂಲದ್ದಕ್ಕಿಂತ ತೆಳ್ಳಗಿರುವುದರಿಂದ ಹೇಳಿದ ಟಾರ್ಕ್‌ಗೇ ಬಿಗಿಯಬೇಕು, ಸ್ವಲ್ಪ ದಿನ ಬಿಟ್ಟು ಸರಿದಿದೆಯಾ ಅಂತ ನೋಡಬೇಕು.

10.0 ಸೆಕೆಂಡ್, 0.80 ಜಿ. ಇಡೀ ಕೆಲಸದಲ್ಲಿ ಅತಿ ಚಿಕ್ಕ ಪಾರ್ಟ್ ಇದು. ಎರಡು ಬೋಲ್ಟ್!

ಹಿಂದಿನ ಬಾರ್, ಮತ್ತು ನಮ್ಮ ತಪ್ಪು

ಟಾರ್ಷನ್ ಬೀಮ್ ತಾನೇ ಅರ್ಧ ಆಂಟಿ ರೋಲ್ ಬಾರ್ ಇದ್ದಂತೆ. ಕಾರು ವಾಲಿದಾಗ ಅಡ್ಡ ತೊಲೆ ತಿರುಚಿಕೊಂಡು ಎದುರು ಒತ್ತುತ್ತದೆ. ಅದಕ್ಕೆ ಜೊತೆಯಾಗಿ ಇನ್ನೊಂದು ಬಾರ್ ಕಟ್ಟಿದರೆ ಹಿಂಭಾಗ ದಾಟುವ ಭಾರದಲ್ಲಿ ಹೆಚ್ಚು ಪಾಲು ಹೊರುತ್ತದೆ, ಮುಂಭಾಗಕ್ಕೆ ಆರಾಮ. ಮೂತಿ ತಿರುವಿನ ಒಳಕ್ಕೆ ಬರುತ್ತದೆ.

ಸಿಕ್ಕಿದ್ದು ಎರಡು ಗಾತ್ರ, 19 ಮಿ.ಮೀ. ಮತ್ತು 22 ಮಿ.ಮೀ. ಮೂರು ಮಿಲಿಮೀಟರ್ ತಾನೇ ಅಂತ ಗೆಳೆಯ ದಪ್ಪದ್ದಕ್ಕೇ ಕೈ ಹಾಕಿದ. ಆದರೆ ಬಾರ್‌ನ ಗಟ್ಟಿತನ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. ಉಳಿದೆಲ್ಲ ಒಂದೇ ಆಗಿದ್ದರೆ 22ರ ಬಾರ್ 19ರದ್ದಕ್ಕಿಂತ ಶೇ. 80ರಷ್ಟು ಗಟ್ಟಿ. ಹಿಂಭಾಗ ಅಷ್ಟು ಗಟ್ಟಿಯಾದರೆ ಒಳಗಿನ ಹಿಂದಿನ ಚಕ್ರ ನೆಲ ಬಿಡುತ್ತದೆ. ಬಿಟ್ಟ ಮೇಲೆ ಆ ಬಾರ್‌ನಿಂದ ಇನ್ನೇನೂ ಸಿಗುವುದಿಲ್ಲ. ಅದಕ್ಕೂ ಮುಂಚೆ, ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಹೊರಕ್ಕೆ ಜಾರಬಹುದು. 19ರದ್ದನ್ನೇ ಕಟ್ಟಿಸಿದೆವು.

9.9 ಸೆಕೆಂಡ್, 0.82 ಜಿ. ವೃತ್ತದಲ್ಲಿ ಸಿಕ್ಕಿದ್ದು ಒಂದು ದಶಮಾಂಶ ಅಷ್ಟೇ. ರಸ್ತೆಯ ಮೇಲೆ ವ್ಯತ್ಯಾಸ ಅದಕ್ಕಿಂತ ದೊಡ್ಡದು: ಈಗ ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿದರೆ ಮೂತಿ ಒಳಕ್ಕೆ ಬರುತ್ತಿತ್ತು. ಮೊದಲು ಬೇಡಿಕೊಂಡರೂ ಬರುತ್ತಿರಲಿಲ್ಲ.

ಎರಡು ವಾರದ ನಂತರ ಮಳೆಯ ದಿನ ಫೋನ್ ಬಂತು. ನಿಧಾನದ ತಿರುವೊಂದರಲ್ಲಿ ಹಿಂಭಾಗ ಜಾರಿದೆ. ಸ್ಟೆಬಿಲಿಟಿ ಕಂಟ್ರೋಲ್ ಹಿಡಿದು ನಿಲ್ಲಿಸಿದೆ, ಏನೂ ಆಗಿಲ್ಲ, ಆದರೆ ಇವನ ಕೈ ನಡುಗುತ್ತಿದೆ. "ನಿನ್ನ ಬಾರ್ ಬಿಚ್ಚಿಸ್ತೀನಿ ಮಾರಾಯ," ಅಂದ. ಹೋಗಿ ನೋಡಿದೆ. ಬಾರ್‌ನದ್ದು ಅರ್ಧ ತಪ್ಪು, ನಮ್ಮದು ಅರ್ಧ. ಮುಂದೆ ಹೊಸ ಟೈರ್, ಹಿಂದೆ ಸವೆದ ಟೈರ್. ನೀರನ್ನು ಹೊರಹಾಕುವ ಟ್ರೆಡ್ ಹಿಂದೆ ಇರಲೇ ಇಲ್ಲ. ಎರಡೇ ಹೊಸ ಟೈರ್ ಇದ್ದರೆ ಅವು ಹಿಂದಕ್ಕೇ ಹೋಗಬೇಕು, ಎಳೆಯುವ ಚಕ್ರ ಯಾವುದಾದರೂ ಸರಿ. ಇದು ನನಗೆ ಗೊತ್ತಿರದ ವಿಷಯವಲ್ಲ. ವೃತ್ತದ ಅಂಕಿ ಚೊಕ್ಕಟವಾಗಿ ಬರಲಿ ಅಂತ ಮುಂದಕ್ಕೆ ಹಾಕಿಸಿದ್ದೆ, ಆಮೇಲೆ ಮರೆತಿದ್ದೆ. ಒಣ ನೆಲದ ವೃತ್ತದಲ್ಲಿ ಅದು ಗೊತ್ತೇ ಆಗಿರಲಿಲ್ಲ. ಅಲ್ಲಿ ಮೊದಲು ಸೋಲುವುದು ಯಾವಾಗಲೂ ಮುಂದಿನ ಟೈರ್ ಅಲ್ವಾ.

ಹಿಂದೆಯೂ ಅದೇ ಟೈರ್ ಹೊಸದು ಹಾಕಿಸಿದೆವು. ಮಳೆಯಲ್ಲಿ ಮತ್ತೆ ಅದೇ ತಿರುವು, ನಿಧಾನವಾಗಿ, ಆಮೇಲೆ ಸ್ವಲ್ಪ ಜೋರಾಗಿ. ಜಾರಲಿಲ್ಲ. ಒಣ ವೃತ್ತದಲ್ಲಿ ಮತ್ತೆ 9.9. ಬಾರ್ ಉಳಿಯಿತು.

ಈಗಿನ ಸ್ಥಿತಿ

ಸ್ಟ್ರಟ್ ಬ್ರೇಸ್ (ಎರಡೂ ಸ್ಟ್ರಟ್‌ಗಳ ಮೇಲ್ತುದಿಗಳನ್ನು ಜೋಡಿಸುವ ಸರಳು) ಹಾಕಿಸಲಿಲ್ಲ. ಈ ಕಾರಿನ ಬಾಡಿ ಅಲ್ಲಿ ಸಾಕಷ್ಟು ಗಟ್ಟಿಯಾಗಿಯೇ ಇದೆ. ಬಾನೆಟ್ ತೆರೆದಾಗ ಚೆಂದ ಕಾಣುತ್ತದೆ, ಅಷ್ಟೇ.

ಎಂಟು ಸಾವಿರ ಕಿಲೋಮೀಟರ್ ಆದ ಮೇಲೆ ಮುಂದಿನ ಟೈರ್‌ಗಳ ಟ್ರೆಡ್ ಅಳೆದೆವು. ಒಳ ಅಂಚು, ಹೊರ ಅಂಚು ಹೆಚ್ಚುಕಮ್ಮಿ ಸಮ. ಕ್ಯಾಂಬರ್ ಬೋಲ್ಟ್ ಒಂದು ಕಡೆ ಒಂದಿಷ್ಟು ಸರಿದಿತ್ತು, ಮತ್ತೆ ಕೂರಿಸಿದೆವು. ಹಿಂದಿನ ಬಾರ್‌ನ ಕ್ಲಾಂಪ್ ಒಮ್ಮೆ ಕಿರುಗುಟ್ಟಿತು, ಬಿಗಿದ ಮೇಲೆ ನಿಂತಿತು. ಒಂದು ಕೊರಗು ಉಳಿದಿದೆ: ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಇದ್ದಾಗ ಹಿಂಭಾಗ ಕುಸಿಯುತ್ತದೆ, ಉಬ್ಬಿನ ಮೇಲೆ ತೂಗಾಡುತ್ತದೆ. ಹಿಂದೆ ಮಾತ್ರ ಸ್ವಲ್ಪ ಗಟ್ಟಿ ಸ್ಪ್ರಿಂಗ್ ಹಾಕಿ ನೋಡಬೇಕು ಅಂತಿದ್ದೇವೆ, ಎತ್ತರ ಇಳಿಸದೆ.

ಲೋಯರಿಂಗ್ ಸ್ಪ್ರಿಂಗ್‌ಗಳು ಅವನ ಮನೆಯಲ್ಲಿ ಡಬ್ಬಿಯಲ್ಲಿವೆ. ಮೊನ್ನೆ ಯಾರೋ ಪರಿಚಯದವರು ತಗೊಳ್ಳಲು ಬಂದಿದ್ದರಂತೆ, ಅದೇ ಮಾದರಿಯ ಕಾರು. ಇವನು ಕೊಡುವ ಮೊದಲು ಅವರ ಕೈಗೆ ಒಂದು ಕೇಬಲ್ ಟೈ ಕೊಟ್ಟು, "ಇದನ್ನ ಶಾಕ್ ರಾಡ್‌ಗೆ ಕಟ್ಟಿ ಒಂದು ವಾರ ಓಡಿಸಿ ಬನ್ನಿ" ಅಂದು ಕಳಿಸಿದ್ದಾನೆ. ಅವರು ಇನ್ನೂ ವಾಪಸ್ ಬಂದಿಲ್ಲ.